ಬಟ್ಟೆ ಜಾಲಿಸಿದ ನೀರಿನಲ್ಲಿ ಹಿತ್ತಲ ತೋಟ

ನಮ್ಮದು ಮೈಸೂರಿನ ಹಳೇ ಬಡಾವಣೆಯಲ್ಲಿರುವ ಮನೆ. ಹಿಂದುಗಡೆ 20 ಅಡಿ ಉದ್ದ, 16 ಅಡಿ ಅಗಲದ ಹಿತ್ತಲಿದೆ. ಅದರ ಒಂದು ಮೂಲೆಯಲ್ಲಿ ಒಗೆಯುವ ಕಲ್ಲು, ಅದರ ಮೇಲೆ ಶೀಟಿನ ಚಪ್ಪರ. ಮಿಕ್ಕ ಜಾಗದಲ್ಲಿ ಹಳೇ ಹೆಂಚು, ಮುರಿದ ಕುರ್ಚಿ, ಒಂದು ಕರಿಬೇವಿನ ಗಿಡ, ಅಷ್ಟೇ ಇತ್ತು. ಇಲ್ಲಿ ತರಕಾರಿ ಬೆಳೆಯಬೇಕು ಅಂತ ಎರಡು ಸಲ ಹೊರಟಿದ್ದೆ. ಎರಡು ಸಲವೂ ಬೀಜದಿಂದ ಶುರು ಮಾಡಿದೆ, ಎರಡು ಸಲವೂ ಬೇಸಿಗೆಗೆ ಎಲ್ಲ ಒಣಗಿತು. ಮೂರನೇ ಸಲ ನೀರಿನಿಂದ ಶುರು ಮಾಡಿದೆ. ಆ ಕೆಲಸದ ವಿವರ ಇದು.

2023ರಲ್ಲಿ ಮಳೆ ಕೈಕೊಟ್ಟಿತ್ತು. 2024ರ ಮಾರ್ಚ್ ಹೊತ್ತಿಗೆ ನಮ್ಮ ಬೀದಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ. ಅಂಥ ಹೊತ್ತಲ್ಲಿ ಗಿಡಕ್ಕೆ ಕುಡಿಯುವ ನೀರು ಹಾಕಲು ಮನಸ್ಸು ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಅಮ್ಮ ಬಟ್ಟೆ ಜಾಲಿಸುತ್ತಿದ್ದರೆ, ಬಕೆಟ್ ಮೇಲೆ ಬಕೆಟ್ ಹೆಚ್ಚುಕಮ್ಮಿ ತಿಳಿಯಾದ ನೀರು ಮೋರಿ ಸೇರುತ್ತಿತ್ತು. ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ, ಆದರೂ ದಿನದ ಬಟ್ಟೆ ಕಲ್ಲಿನ ಮೇಲೆಯೇ. ಒಂದು ವಾರ ಕೂತು ಎಣಿಸಿದೆ. ದಿನಕ್ಕೆ ಜಾಲಿಸಿದ ನೀರೇ ಏಳು ಬಕೆಟ್. ನಮ್ಮ ಬಕೆಟ್ 15 ಲೀಟರಿನದು. ಅಂದರೆ 105 ಲೀಟರ್.

"ನಮ್ಮೂರಲ್ಲಿ ಬಚ್ಚಲ ನೀರು ಯಾವತ್ತೂ ಬೀದಿಗೆ ಹೋಗ್ತಿರ್ಲಿಲ್ಲ ಕಣೇ. ಬಚ್ಚಲ ಹಿಂದೇನೇ ಬಾಳೆ, ಅದರ ಬುಡದಲ್ಲಿ ಕೆಸ. ಯಾರೂ ನೀರು ಹಾಕ್ತಾನೇ ಇರ್ಲಿಲ್ಲ" ಅಂದರು ಅಮ್ಮ. ಆ ಮಾತೇ ನನಗೆ ನಕ್ಷೆಯಾಯಿತು. ಒಗೆಯುವ ಕಲ್ಲಿನಿಂದ ಆಚೆ ಮೂಲೆಯ ತನಕ ನೀರು ತಾನೇ ಹರಿಯಬೇಕು. ದಾರಿಯಲ್ಲಿ ಶುದ್ಧವಾಗಬೇಕು, ಕೊನೆಯಲ್ಲಿ ಬಾಳೆಗೆ ಸೇರಬೇಕು. ಪಂಪು ಬೇಡ, ಕರೆಂಟು ಬೇಡ.

ಮಾರ್ಚ್: ಅಗೆತ

ಮೊದಲ ದಿನ ಪಿಕಾಸಿ ಹಾಕಿದರೆ ಟಣ್ ಅಂತ ಸದ್ದು. ಅರ್ಧ ಅಡಿ ಕೆಳಗೆ ಬರೀ ಇಟ್ಟಿಗೆ ಚೂರು, ಗಾರೆ ಹೆಂಟೆ, ಸಿಮೆಂಟ್ ಚೀಲದ ತುಂಡು. ಮನೆ ಕಟ್ಟಿದಾಗ ಉಳಿದದ್ದನ್ನೆಲ್ಲ ಹಿತ್ತಲಿಗೆ ಸುರಿದು ಮೇಲೆ ಮಣ್ಣು ಎಳೆದಿದ್ದರು. ಹಿಂದಿನ ಎರಡು ಸಲ ನನ್ನ ಗಿಡಗಳ ಚಿಗುರೆಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತಿತ್ತು. ನೀರಿನ ಕೊರತೆ ಅಂತಲೇ ಅಂದುಕೊಂಡಿದ್ದೆ. ಈಗ ಅನುಮಾನ ಬಂತು. ಒಂದು ಬೊಗಸೆ ಮಣ್ಣನ್ನು ತಟ್ಟೆಗೆ ಹಾಕಿ, ಮೇಲೆ ಎರಡು ಚಮಚ ವಿನೆಗರ್ ಬಿಟ್ಟೆ. ಸಣ್ಣಗೆ ಗುಳ್ಳೆ ಎದ್ದು ಚುರುಚುರು ಅಂದಿತು. ಮಣ್ಣಲ್ಲಿ ಸುಣ್ಣ ಇದೆ ಅಂತ ಅರ್ಥ. ಸಿಮೆಂಟು, ಗಾರೆ ಸೇರಿದ ಮಣ್ಣು ಕ್ಷಾರವಾಗಿರುತ್ತದೆ. ಅಂಥ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗುವುದು ಅದಕ್ಕೇ.

ಇದನ್ನು ನೀವೂ ಮಾಡಿ ನೋಡಿ. ಎರಡು ನಿಮಿಷದ ಕೆಲಸ, ಎರಡು ವರ್ಷದ ಬೇಸರ ತಪ್ಪುತ್ತದೆ.

ಪೂರ್ತಿ ಹಿತ್ತಲ ಮಣ್ಣು ತೆಗೆಸಲು ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಹಾಗಾಗಿ ತರಕಾರಿಗೆ ನೆಲದ ಮೇಲೆ ಎತ್ತರದ ಮಡಿ, ಬಾಳೆಗೆ ಮಾತ್ರ ಆಳದ ಗುಂಡಿ ಅಂತ ತೀರ್ಮಾನ ಮಾಡಿದೆ. ಅಗೆದಾಗ ಸಿಕ್ಕ ಇಟ್ಟಿಗೆ ಚೂರನ್ನು ಬಿಸಾಡಲಿಲ್ಲ. ಓಡಾಡುವ ದಾರಿಗೆ ಹಾಸಿದೆ. ಮಳೆಗಾಲದಲ್ಲಿ ಕಾಲಿಗೆ ಕೆಸರು ಅಂಟುವುದಿಲ್ಲ.

ಜಲ್ಲಿ ಗುಂಡಿ

ಇದೇ ಇಡೀ ಕೆಲಸದ ಹೃದಯ. ಒಗೆಯುವ ಕಲ್ಲಿನಿಂದ ಮೂರಡಿ ಆಚೆ, ಮನೆ ಗೋಡೆಯಿಂದ ನಾಲ್ಕಡಿ ದೂರ ಬಿಟ್ಟು, 6 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಆಳದ ಕಾಲುವೆ ತೋಡಿದೆವು. ಒಳಗೆ ಸಿಲ್ಪಾಲಿನ್ ಶೀಟು ಹಾಸಿದೆವು. ಇಲ್ಲದಿದ್ದರೆ ನೀರು ಸುಮ್ನೆ ಅಲ್ಲೇ ಇಂಗುತ್ತದೆ, ಪಾಯದ ಕಡೆಗೂ ಹೋಗಬಹುದು. ಶೀಟಿನ ಕೆಳಗೆ ಎರಡು ಇಂಚು ಮರಳು, ಕಲ್ಲು ಚುಚ್ಚದಿರಲಿ ಅಂತ.

ತಳಕ್ಕೆ ಒಂದಡಿ 40 ಎಂಎಂ ಜಲ್ಲಿ. ಅದರ ಮೇಲೆ ಮುಕ್ಕಾಲು ಅಡಿ 20 ಎಂಎಂ ಜಲ್ಲಿ. ಮೇಲಿನ ಮೂರು ಇಂಚು ದಪ್ಪ ಮರಳು. ಜಲ್ಲಿಯನ್ನು ಹಾಕುವ ಮುಂಚೆ ಬಾಂಡ್ಲಿಯಲ್ಲಿ ತೊಳೆದು ತೊಳೆದು ಹಾಕಿ. ಕ್ರಷರ್ ಪುಡಿ ಉಳಿದರೆ ತಳದಲ್ಲಿ ಗಸಿ ಕಟ್ಟುತ್ತದೆ. ನಾವು ಮೊದಲ ಹತ್ತು ಬಾಂಡ್ಲಿ ತೊಳೆದು, ಬೆನ್ನು ನೋವು ಅಂತ ಮಿಕ್ಕದ್ದನ್ನು ಹಾಗೇ ಸುರಿದೆವು. ಅದಕ್ಕೆ ಮುಂದೆ ಬೆಲೆ ತೆತ್ತೆವು.

ಹೊರಹೋಗುವ ಪೈಪು ಮೇಲಿನಿಂದ ಮೂರು ಇಂಚು ಕೆಳಗೆ ಇರಬೇಕು. ಆಗ ನೀರು ಯಾವಾಗಲೂ ಜಲ್ಲಿಯೊಳಗೇ ನಿಲ್ಲುತ್ತದೆ, ಮರಳಿನ ಮೇಲಕ್ಕೆ ಬರುವುದಿಲ್ಲ. ಮೇಲೆ ನೀರು ಕಾಣದಿದ್ದರೆ ಸೊಳ್ಳೆಗೆ ಮೊಟ್ಟೆ ಇಡಲು ಜಾಗವೂ ಇಲ್ಲ. ಜಲ್ಲಿಯ ಸಂದಿಯಲ್ಲಿ ನೀರು ಹಿಡಿಯುವ ಜಾಗ ಹೆಚ್ಚುಕಮ್ಮಿ ಶೇಕಡ 40. ಆ ಲೆಕ್ಕದಲ್ಲಿ ನಮ್ಮ ಗುಂಡಿ ಸುಮಾರು 180 ಲೀಟರ್ ಹಿಡಿಯುತ್ತದೆ. ದಿನಕ್ಕೆ 105 ಲೀಟರ್ ಬಂದರೆ, ಒಳಗೆ ಬಂದ ನೀರು ಒಂದೂವರೆ ದಿನ ಅಲ್ಲೇ ತಂಗಿ ಹೊರಗೆ ಹೋಗುತ್ತದೆ. ಅಷ್ಟು ಹೊತ್ತು ಸಾಕು. ಜಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಮರಳಲ್ಲಿ ನೆಟ್ಟ ಕಾಬಾಳೆ ತನಗೆ ಬೇಕಾದ್ದನ್ನು ಹೀರಿಕೊಳ್ಳುತ್ತದೆ. ಕಾಬಾಳೆ ಗೆಡ್ಡೆ ದುಡ್ಡು ಕೊಟ್ಟು ತರಬೇಡಿ. ಯಾರ ಮನೆ ಅಂಗಳದಲ್ಲಾದರೂ ಜಾಸ್ತಿಯಾಗಿ ಕಿತ್ತು ಹಾಕುತ್ತಿರುತ್ತಾರೆ, ಕೇಳಿದರೆ ಚೀಲದ ತುಂಬ ಕೊಡುತ್ತಾರೆ.

ಗುಂಡಿಯಿಂದ ಬಾಳೆಯ ತನಕ 12 ಅಡಿ. ಒಂದೂವರೆ ಇಂಚಿನ ಪಿವಿಸಿ ಪೈಪು ಮಣ್ಣೊಳಗೆ ಹೂಳಬೇಕು. ನಾನು ಕಣ್ಣಳತೆಯಲ್ಲೇ ಇಳಿಜಾರು ಕೊಟ್ಟು ಪೈಪು ಇಟ್ಟಿದ್ದೆ. ಗಾರೆ ಕೆಲಸದ ಮೇಸ್ತ್ರಿ ಬಂದು ನೋಡಿದವರೇ, "ಅಕ್ಕಾ, ಕಣ್ಣಿಗೆ ಇಳಿಜಾರು ಕಾಣ್ತದೆ, ನೀರಿಗೆ ಕಾಣಲ್ಲ" ಅಂದರು. ಚೀಲದಿಂದ ಲೆವೆಲ್ ಟ್ಯೂಬ್ ತೆಗೆದರು. ಪಾರದರ್ಶಕ ಪೈಪು, ಒಳಗೆ ನೀರು. ಒಂದು ತುದಿಯನ್ನು ನಾನು ಜಲ್ಲಿ ಗುಂಡಿಯ ಹತ್ತಿರ ಹಿಡಿದೆ, ಇನ್ನೊಂದನ್ನು ಅವರು ಬಾಳೆ ಗುಂಡಿಯ ಹತ್ತಿರ ಹಿಡಿದರು. ಒಳಗಿದ್ದ ಗಾಳಿ ಗುಳ್ಳೆಯನ್ನು ಬೆರಳಲ್ಲಿ ತಟ್ಟಿ ತಟ್ಟಿ ಹೊರಗೆ ಬಿಟ್ಟರು. ನೀರು ಎರಡೂ ಕಡೆ ತೂಗಿ ತೂಗಿ ನಿಂತಿತು. ಪೆನ್ಸಿಲಿನಲ್ಲಿ ಗೂಟದ ಮೇಲೆ ಗೆರೆ ಎಳೆದು ಅಳೆದರೆ, ನನ್ನ ಪೈಪು ನಡುವೆ ಕಾಲು ಇಂಚು ಮೇಲಕ್ಕೆ ಹೋಗಿತ್ತು! ಅಲ್ಲಿ ಗಸಿ ನಿಂತು ಕಟ್ಟಿಕೊಳ್ಳುವುದು ಖಂಡಿತ. 50 ಅಡಿಗೆ ಒಂದಡಿ ಇಳಿಜಾರು ಕೊಡಬೇಕು ಅಂತ ಅವರ ಲೆಕ್ಕ. ನಮ್ಮ 12 ಅಡಿಗೆ ಸುಮಾರು ಮೂರು ಇಂಚು ಬರುತ್ತದೆ. ಪೂರ್ತಿ ತೆಗೆದು ಮತ್ತೆ ಹೂಳಿದೆವು. ಅವರು ಕೂಲಿ ತಗೊಳ್ಳಲಿಲ್ಲ. ಕಾಫಿ ಕುಡಿದು, ಮೊದಲ ಬಾಳೆ ಎಲೆ ನನಗಿರಲಿ ಅಂತ ಹೇಳಿ ಹೋದರು.

ಬಾಳೆ ಗುಂಡಿ ಸುಲಭ. 3 ಅಡಿ ಅಗಲದ ದುಂಡು ಗುಂಡಿ, 2 ಅಡಿ ಆಳ. ಒಳಗೆ ತೆಂಗಿನ ಸಿಪ್ಪೆ, ಒಣ ಎಲೆ, ಬೀದಿ ಗುಡಿಸಿದ ತರಗು. ಸುತ್ತ ಮೂರು ಏಲಕ್ಕಿ ಬಾಳೆ ಕಂದು, ನಡುನಡುವೆ ಕೆಸದ ಗೆಡ್ಡೆ. ಗುಂಡಿ ಕುಸಿದ ಹಾಗೆಲ್ಲ ಮೇಲೆ ಇನ್ನಷ್ಟು ತರಗು ತುಂಬುವುದು. ನಮ್ಮ ಬೀದಿಯ ಹೊಂಗೆ ಮರದ ಎಲೆಯನ್ನು ಈಗ ಯಾರೂ ಸುಡುವುದಿಲ್ಲ. ಚೀಲದಲ್ಲಿ ತುಂಬಿ ನಮ್ಮ ಗೇಟಿನ ಹತ್ತಿರ ಇಟ್ಟು ಹೋಗುತ್ತಾರೆ.

ಏಪ್ರಿಲ್: ಹೆಂಚಿನ ಮಡಿ

ಮಡಿಯ ಅಂಚಿಗೆ ಸೈಜುಗಲ್ಲು ತರೋಣ ಅಂತ ಇದ್ದೆ. ಮೂಲೆಯಲ್ಲಿದ್ದ ಮಂಗಳೂರು ಹೆಂಚು ಕಣ್ಣಿಗೆ ಬಿತ್ತು. ಹೆಂಚಿನ ಉದ್ದ 16 ಇಂಚು. 6 ಇಂಚು ನೆಲದೊಳಗೆ ಹೂತು ನಿಲ್ಲಿಸಿದರೆ 10 ಇಂಚು ಎತ್ತರದ ಅಂಚು ಸಿಗುತ್ತದೆ. 3 ಅಡಿ ಅಗಲ, 10 ಅಡಿ ಉದ್ದದ ಒಂದು ಮಡಿಗೆ 35 ಹೆಂಚು. ಎರಡು ಮಡಿಗೆ 70. ಮೂರಡಿಗಿಂತ ಅಗಲ ಮಾಡಬೇಡಿ, ನಡುವಿನ ಗಿಡಕ್ಕೆ ಕೈ ಎಟುಕುವುದಿಲ್ಲ, ಮಡಿಯ ಮೇಲೆ ಕಾಲಿಡಬೇಕಾಗುತ್ತದೆ.

ಮಣ್ಣು: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಳೆತ ಎಲೆ ಮತ್ತು ತೆಂಗಿನ ನಾರಿನ ಪುಡಿ. ಮಡಿಗೆ ಒಂದು ಕೆಜಿ ಬೇವಿನ ಹಿಂಡಿ. ಕೆಂಪು ಮಣ್ಣು ತರಿಸಿದಾಗ ವಿನೆಗರ್ ಪರೀಕ್ಷೆ ಮತ್ತೆ ಮಾಡಿದೆ, ಗುಳ್ಳೆ ಬರಲಿಲ್ಲ. ಮಿಶ್ರಣ ಸರಿಯಾಗಿದೆಯೋ ಇಲ್ಲವೋ ಅಂತ ಅಮ್ಮ ನೋಡುವ ರೀತಿ ಬೇರೆ. ಒದ್ದೆ ಮಣ್ಣನ್ನು ಹಿಡಿಯಲ್ಲಿ ಒತ್ತಿ ಉಂಡೆ ಮಾಡುತ್ತಾರೆ. ಹೆಬ್ಬೆಟ್ಟಿನಲ್ಲಿ ಮೆಲ್ಲಗೆ ಒತ್ತಿದರೆ ಉಂಡೆ ಒಡೆದು ಉದುರಬೇಕು. ಅಂಟಿಕೊಂಡೇ ಇದ್ದರೆ ಇನ್ನಷ್ಟು ಎಲೆಗೊಬ್ಬರ. ಉಂಡೆಯೇ ಆಗದಿದ್ದರೆ ಇನ್ನಷ್ಟು ಮಣ್ಣು. ಮೂರು ಸಲ ಬೆರೆಸಿದ ಮೇಲೆ "ಹೂಂ, ಈಗ ಸರಿ ಹೋಯ್ತು" ಅಂದರು.

ಸರಿ ಹೋಗದೇ ಇದ್ದದ್ದು ಹೆಂಚು. ಏಪ್ರಿಲ್ ಕೊನೆಯ ಮೇಲೆ ಭರಣಿ ಮಳೆ ಒಂದು ಸಂಜೆ ಜೋರಾಗಿ ಬಂತು. ಬೆಳಿಗ್ಗೆ ನೋಡಿದರೆ ಎರಡೂ ಮಡಿಗಳ ಉದ್ದದ ಅಂಚು ಹೊಟ್ಟೆ ಬಿಟ್ಟುಕೊಂಡು ಹೊರಗೆ ವಾಲಿತ್ತು. ನೆನೆದ ಮಣ್ಣಿನ ಭಾರ ಅಷ್ಟಿರುತ್ತದೆ. ಎರಡು ಹೆಂಚು ಒಡೆದಿದ್ದವು. ರಿಪೇರಿ ಹೀಗೆ ಮಾಡಿದೆ: ಅಂಚಿನ ಹೊರಗೆ ಮೂರು ಮೂರು ಅಡಿಗೆ ಒಂದೊಂದು ನೀಲಗಿರಿ ಗೂಟವನ್ನು ಒಂದೂವರೆ ಅಡಿ ಆಳಕ್ಕೆ ಹೊಡೆದೆ. ಎದುರು ಬದುರು ಗೂಟಗಳನ್ನು ಮಣ್ಣಿನ ಅಡಿಯಲ್ಲಿ ಹಾದುಹೋಗುವ ಹಾಗೆ ಜಿಐ ತಂತಿಯಿಂದ ಬಿಗಿದೆ. ಒಂದು ಕಡೆ ಹೊರಗೆ ತಳ್ಳಿದರೆ ಇನ್ನೊಂದು ಕಡೆ ಹಿಡಿದುಕೊಳ್ಳುತ್ತದೆ. ಆಮೇಲೆ ಎರಡು ಮಳೆಗಾಲ ಬಂದವು, ಒಂದು ಹೆಂಚೂ ಅಲ್ಲಾಡಿಲ್ಲ. ಮೊದಲೇ ಗೂಟ ಹೊಡೆದಿದ್ದರೆ ಮಣ್ಣನ್ನು ಎರಡು ಸಲ ಎತ್ತುವುದು ತಪ್ಪುತ್ತಿತ್ತು.

ಹನಿ ನೀರು

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಜಾಲಿಸಿದ ನೀರು ನಮ್ಮಲ್ಲಿ ಬಾಳೆಗೆ, ಕೆಸಕ್ಕೆ, ಬಸಳೆಯ ಬುಡಕ್ಕೆ ಮಾತ್ರ. ಹರಿವೆ, ಕೊತ್ತಂಬರಿ, ಮೂಲಂಗಿ ಇರುವ ಮಡಿಗೆ ಅದನ್ನು ಬಿಡುವುದಿಲ್ಲ. ಅಲ್ಲಿ ಎಲೆ, ಗೆಡ್ಡೆಗೆ ನೇರವಾಗಿ ನೀರು ತಾಗುತ್ತದೆ. ಮಡಿಗಳಿಗೆ ಮಳೆ ನೀರು, ಅದು ಮುಗಿದರೆ ನಲ್ಲಿ ನೀರು.

ಒಗೆಯುವ ಕಲ್ಲಿನ ಮೇಲಿನ ಶೀಟು 10 ಅಡಿಗೆ 8 ಅಡಿ. ಅಂದರೆ ಸುಮಾರು ಏಳೂವರೆ ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 27 ಮಿಲಿಮೀಟರ್ ಮಳೆಗೆ ನಮ್ಮ 200 ಲೀಟರಿನ ನೀಲಿ ಡ್ರಮ್ ಭರ್ತಿ. ಡ್ರಮ್ಮನ್ನು ಮೂರಡಿ ಕಟ್ಟೆಯ ಮೇಲೆ ಕೂರಿಸಿ, 16 ಎಂಎಂ ಕರಿ ಪೈಪು ಎಳೆದು, ಅಂಗಡಿಯಲ್ಲಿ ಕೊಟ್ಟ ಡ್ರಿಪ್ಪರ್ ಚುಚ್ಚಿದೆ. ಹತ್ತಿರದ ನಾಲ್ಕು ಗಿಡಕ್ಕೆ ಒಂದಿಷ್ಟು ಜಿನುಗಿತು, ಮಿಕ್ಕವಕ್ಕೆ ಹನಿಯೂ ಇಲ್ಲ. ಎರಡು ದಿನ ಪೈಪು ಕಟ್ಟಿಕೊಂಡಿದೆ ಅಂತ ಊದಿ ಊದಿ ನೋಡಿದೆ. ತಪ್ಪು ಅಲ್ಲಿರಲಿಲ್ಲ. ಒಳಗೆ ರಬ್ಬರ್ ಪೊರೆ ಇರುವ ಡ್ರಿಪ್ಪರುಗಳು ಅವು, ಪಂಪಿನ ಒತ್ತಡಕ್ಕೆ ಮಾಡಿದ್ದು. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಬರೀ 0.1 ಬಾರ್. ಪೊರೆ ಸರಿಯಾಗಿ ತೆರೆಯುವುದೇ ಇಲ್ಲ.

ಎಲ್ಲವನ್ನೂ ಕಿತ್ತು, ಸಣ್ಣ ತೂತಿನ ಮೈಕ್ರೋ ಟ್ಯೂಬ್ ಹಾಕಿದೆ. ಒಂದೊಂದೂ ಎರಡಡಿ ಉದ್ದ, ಎಲ್ಲ ಒಂದೇ ಅಳತೆ. ಉದ್ದ ಬೇರೆ ಬೇರೆಯಾದರೆ ಗಿಡ್ಡ ಟ್ಯೂಬಿನಲ್ಲಿ ನೀರು ಜಾಸ್ತಿ ಹೋಗುತ್ತದೆ. ಲೋಟ ಇಟ್ಟು ಅಳೆದೆ: ಐದು ನಿಮಿಷಕ್ಕೆ 250 ಮಿಲಿ, ಗಂಟೆಗೆ 3 ಲೀಟರ್. ಡ್ರಮ್ ಖಾಲಿಯಾಗುತ್ತ ಬಂದ ಹಾಗೆ ಸ್ವಲ್ಪ ನಿಧಾನ. 20 ಟ್ಯೂಬು, ದಿನಕ್ಕೆ ಅರ್ಧ ಗಂಟೆ, 30 ಲೀಟರ್. ಮೇಲೆ ಒಣ ಎಲೆಯ ಹೊದಿಕೆ ಇದ್ದರೆ ಇಷ್ಟು ಧಾರಾಳ ಸಾಕು.

ಜುಲೈ: ಸೋಪು

ಬಾಳೆ ಚೆನ್ನಾಗಿ ಹಿಡಿದುಕೊಂಡಿತ್ತು. ಜುಲೈಯಲ್ಲಿ ಎಲೆಯ ಅಂಚು ಕಂದಾಗಿ ಸುಟ್ಟ ಹಾಗೆ ಕಾಣಲು ಶುರುವಾಯಿತು. ಗುಂಡಿಯ ಅಂಚಿನ ಮಣ್ಣಿನ ಮೇಲೆ ಬೆಳ್ಳಗೆ ಪುಡಿ. ಮಳೆಗಾಲ, ಗೊಬ್ಬರ ಎಲ್ಲ ಇದ್ದೂ ಹೀಗೆ ಯಾಕೆ? ಪೈಪಿನ ಹತ್ತಿರ ಕೂತು ನೋಡಿದೆ. ಸೋಪು ಹಾಕಿ ಕುಕ್ಕಿದ ಮೊದಲ ನೀರೂ ಇದೇ ಪೈಪಿನಲ್ಲಿ ಬರುತ್ತಿತ್ತು. ಸೋಪು ಪುಡಿಯಲ್ಲಿ ಸೋಡಿಯಂ ಉಪ್ಪು ಜಾಸ್ತಿ. ಜಲ್ಲಿ ಗುಂಡಿ ಕೊಳೆ ತಿನ್ನುತ್ತದೆ, ಉಪ್ಪು ತಿನ್ನುವುದಿಲ್ಲ. ಅದು ಹಾಗೇ ಹೋಗಿ ಬಾಳೆ ಬುಡದಲ್ಲಿ ಕೂರುತ್ತದೆ. ಜಾಲಿಸಿದ ನೀರನ್ನೇ ಎಣಿಸಿ ಗುಂಡಿ ಕಟ್ಟಿ, ಸೋಪಿನ ನೀರನ್ನು ಬೇರೆ ಮಾಡುವುದನ್ನು ಮರೆತಿದ್ದೆ.

ಕಲ್ಲಿನ ಕೆಳಗಿನ ಪೈಪು ಕತ್ತರಿಸಿ, ಟೀ ಜಾಯಿಂಟ್ ಕೂರಿಸಿ, ಎರಡು ಕಡೆಗೂ ಒಂದೊಂದು ಬಾಲ್ ವಾಲ್ವ್ ಹಾಕಿದೆ. ಒಂದು ಮೋರಿಗೆ, ಒಂದು ಗುಂಡಿಗೆ. ಸಲ್ಯೂಷನ್ ಹಚ್ಚುವ ಮುಂಚೆ ಪೈಪಿನ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರೆಸಿ, ಆಮೇಲೆ ಒಂದು ರಾತ್ರಿ ನೀರು ಬಿಡಬೇಡಿ. ಮೋರಿ ವಾಲ್ವಿನ ಹಿಡಿಗೆ ಕೆಂಪು ಬಣ್ಣ, ಗುಂಡಿಯ ವಾಲ್ವಿಗೆ ಹಸಿರು. ಅಮ್ಮನಿಗೆ ಎರಡು ದಿನದಲ್ಲಿ ರೂಢಿಯಾಯಿತು. ಸೋಪಿನ ನೀರು ಕೆಂಪು, ಜಾಲಿಸಿದ ನೀರು ಹಸಿರು. ಈಗ ಹತ್ತಿಯ ಬಟ್ಟೆಗೆ ಅಂಟುವಾಳ ನೆನೆಸಿದ ನೀರೇ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಅಂಟುವಾಳ ಹಾಕಿದ ದಿನ ಎಲ್ಲ ನೀರೂ ಹಸಿರು.

ಆ ಮಳೆಗಾಲದ ನೀರು ಉಪ್ಪನ್ನು ಕೆಳಕ್ಕೆ ತೊಳೆಯಿತು. ಸೆಪ್ಟೆಂಬರಿಗೆ ಬಂದ ಹೊಸ ಎಲೆಗಳಲ್ಲಿ ಕಂದು ಅಂಚು ಇರಲಿಲ್ಲ. ಮೇಸ್ತ್ರಿಗೆ ಎಲೆ ಕಳಿಸಿದ್ದು ಆಗಲೇ, ಗೌರಿ ಹಬ್ಬಕ್ಕೆ.

ಬೆಳೆದದ್ದು, ಕಳೆದದ್ದು

ಮಡಿಯಲ್ಲಿ ಮೊದಲು ಬಂದದ್ದು ಹರಿವೆ. ಬಿತ್ತಿ 25 ದಿನಕ್ಕೆ ಮೊದಲ ಕೊಯ್ಲು. ಕಿತ್ತು ಹಾಕಬೇಡಿ, ಬುಡದಲ್ಲಿ ಎರಡು ಕಣ್ಣು ಬಿಟ್ಟು ಕೊಯ್ಯಿರಿ, ಮತ್ತೆ ಚಿಗುರುತ್ತದೆ. ಟೊಮೇಟೊಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿದೆ. ಎಲೆ ಮುದುರುವ ನಂಜನ್ನು ಅದು ತಡೆಯುತ್ತದೆ, ನಮ್ಮಲ್ಲೂ ತಡೆಯಿತು. ಆದರೆ ಹೈಬ್ರಿಡ್, ಬೀಜ ಎತ್ತಿಟ್ಟುಕೊಳ್ಳಲು ಆಗುವುದಿಲ್ಲ. ಬದನೆ, ಅಲಸಂದೆ, ಸೋರೆಗೆ ನಾನು ನಾಟಿ ಬೀಜವನ್ನೇ ನಂಬುತ್ತೇನೆ. ಈರನಗೆರೆ ಬದನೆಯ ಒಂದು ಹಣ್ಣನ್ನು ಗಿಡದಲ್ಲೇ ಹಳದಿಯಾಗಲು ಬಿಟ್ಟು, ಬೀಜ ತೊಳೆದು, ಬೂದಿಯಲ್ಲಿ ಉರುಳಿಸಿ ಇಟ್ಟಿದ್ದೇನೆ. ಬದನೆಯ ಕುಡಿ ಜೋತುಬಿದ್ದರೆ ಒಳಗೆ ಕೊರಕ ಹುಳು ಇದೆ ಅಂತಲೇ ಲೆಕ್ಕ. ಅಂದೇ ಚಿವುಟಿ ನಾಶ ಮಾಡಬೇಕು. ನಾಳೆ ನೋಡೋಣ ಅಂದರೆ ಕಾಯಿಗೆ ಇಳಿಯುತ್ತದೆ.

ಕಾಂಪೌಂಡಿನ ಉದ್ದಕ್ಕೆ ಆಗಸ್ಟಿನಲ್ಲಿ ಚಪ್ಪರದವರೆ ಹಾಕಿದೆ. ಹಗಲು ಗಿಡ್ಡವಾದ ಮೇಲೇ ಅದು ಹೂ ಬಿಡುವುದು, ಅಲ್ಲಿ ತನಕ ಬರೀ ಬಳ್ಳಿ. ಕಾಯಬೇಕು, ಬೇರೆ ದಾರಿ ಇಲ್ಲ. ಡಿಸೆಂಬರಿನಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಸೊಗಡು ಮೂಗಿಗೆ ಬರುತ್ತಿತ್ತು.

ಕಳೆದುಕೊಂಡದ್ದು ಬಸವನ ಹುಳುವಿಗೆ. ದೊಡ್ಡ ಆಫ್ರಿಕನ್ ಬಸವನ ಹುಳು, ಅಂಗೈ ಅಗಲ. ಜೂನಿನ ಒಂದೇ ರಾತ್ರಿಯಲ್ಲಿ ಒಂದು ಸಾಲು ಅಲಸಂದೆ ಸಸಿ ಹೋಯಿತು. ವಿಷದ ಗುಳಿಗೆ ನನಗೆ ಬೇಡ, ನಾಯಿ ಬೆಕ್ಕು ಓಡಾಡುತ್ತವೆ. ಗೋಣಿಚೀಲ ಒದ್ದೆ ಮಾಡಿ, ಕೆಳಗೆ ಕೋಸಿನ ಹೊರ ಎಲೆ, ಪಪ್ಪಾಯ ಸಿಪ್ಪೆ ಇಟ್ಟೆ. ಬೆಳಿಗ್ಗೆ ಚೀಲ ಎತ್ತಿದರೆ ಹದಿನೆಂಟು. ಕೈಗೆ ಕವರ್ ಹಾಕಿಕೊಂಡು ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿದೆ. ಮೂರು ವಾರ ಬಿಡದೆ ಮಾಡಿದ ಮೇಲೆ ದಿನಕ್ಕೆ ಒಂದು ಎರಡಕ್ಕೆ ಇಳಿಯಿತು.

ಈಗಿನ ಸ್ಥಿತಿ

2025ರ ಬೇಸಿಗೆಯಲ್ಲಿ ಮೊದಲ ಗೊನೆ ಕಡಿದೆವು. ಬಾಳೆಗೆ ನಾವು ಒಂದು ಬಕೆಟ್ ನೀರನ್ನೂ ಬೇರೆಯಾಗಿ ಹೊತ್ತು ಹಾಕಿಲ್ಲ. ಗೊನೆ ಕಡಿದ ದಿಂಡನ್ನು ಕೊಚ್ಚಿ ಅದೇ ಗುಂಡಿಗೆ ಹಾಕಿದೆ, ಒಳ ತಿರುಳು ಪಲ್ಯಕ್ಕೆ. ಬುಡದಲ್ಲಿ ಒಂದು ಗಟ್ಟಿ ಕಂದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಅವರೂ ಈಗ ಒಗೆಯುವ ಕಲ್ಲಿನ ಪೈಪು ನೋಡಲು ಬಂದು ಅಳತೆ ಬರೆದುಕೊಂಡಿದ್ದಾರೆ.

ಕಳೆದ ವಾರದಿಂದ ಮಾತ್ರ ಜಲ್ಲಿ ಗುಂಡಿಯಲ್ಲಿ ಸಣ್ಣ ವಾಸನೆ. ಕಲ್ಲಿನ ಹತ್ತಿರದ ತುದಿಯಲ್ಲಿ ಮರಳು ಒದ್ದೆಯಾಗಿ ಕಾಣುತ್ತಿದೆ. ಬಟ್ಟೆಯ ಜುಂಗು ಹಿಡಿಯಲು ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಚೀಲ ಕಟ್ಟಿದ್ದೇನೆ, ವಾರಕ್ಕೊಮ್ಮೆ ಕೊಡವುತ್ತೇನೆ. ಆದರೂ ತಳದಲ್ಲಿ ಅವತ್ತು ತೊಳೆಯದೆ ಸುರಿದ ಜಲ್ಲಿಯ ಪುಡಿ ಗಸಿಯಾಗಿ ಕೂತಿರಬೇಕು. ಮೊದಲ ಎರಡಡಿ ಭಾಗದ ಜಲ್ಲಿ ಹೊರಗೆ ತೆಗೆದು ತೊಳೆಯಬೇಕು. ಮತ್ತೆ ತುಂಬುವಾಗ ತೂತು ಕೊರೆದ ನಾಲ್ಕು ಇಂಚಿನ ಪೈಪು ಒಂದನ್ನು ನೆಟ್ಟಗೆ ನಿಲ್ಲಿಸುತ್ತೇನೆ, ಮೇಲೆ ಮುಚ್ಚಳ. ಮುಂದೆ ಒಳಗೆ ಏನಾಗಿದೆ ಅಂತ ಅಗೆಯದೆ ಟಾರ್ಚ್ ಬಿಟ್ಟು ನೋಡಬಹುದು. ಪೈಪು ತಂದಾಗಿದೆ. ಭಾನುವಾರ ಬೆಳಿಗ್ಗೆ ಅಮ್ಮ ಬಟ್ಟೆ ನೆನೆಸುವ ಮುಂಚೆ ಶುರು ಮಾಡಬೇಕು. ಅಲ್ಲಿ ತನಕ ಎಲ್ಲ ನೀರೂ ಕೆಂಪು ವಾಲ್ವಿಗೆ.